ಹನ್ನೊಂದು ಗಂಟೆಯ ಎಣಿಕೆ

ಒಂಬತ್ತನೇ ಮಂಚದ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ಅವಳು ಸದ್ದಾಗದ ಹಾಗೆ ಎತ್ತಿ ಮಡಿಸಿದಳು. ಬಕೆಟ್ಟಿನಲ್ಲಿ ಬಟ್ಟೆ ಅದ್ದಿ, ಹಿಂಡಿ, ತಲೆಯ ಕಡೆಯಿಂದ ಕಾಲಿನ ಕಡೆಗೆ ಒಂದೇ ದಿಕ್ಕಿನಲ್ಲಿ ಹಾಸಿಗೆಯನ್ನು ಒರೆಸಿದಳು. ಎರಡೂ ಪಕ್ಕದ ಕಂಬಿಗಳನ್ನು ಒರೆಸಿದಳು. ಕೆಳಗೆ ಕೂತು, ಚಕ್ರಕ್ಕೆ ಸುತ್ತಿಕೊಂಡಿದ್ದ ಕೂದಲಿನ ಎಳೆಯೊಂದನ್ನು ಉಗುರಿನಿಂದ ಬಿಡಿಸಿ ತೆಗೆದಳು. ಆ ಮಂಚದ ಮೇಲೆ ಯಾರೂ ಮಲಗದೆ ಇಪ್ಪತ್ತಾರು ದಿನವಾಗಿತ್ತು. ಆದರೂ ಮಂಚ ಇದೆ ಎಂದಮೇಲೆ ಅದರ ಮೇಲೆ ಧೂಳು ಕೂರುತ್ತದೆ, ಧೂಳು ಕೂತಮೇಲೆ ಒರೆಸಬೇಕು. ಒರೆಸಿದಮೇಲೆ ಪ್ಲಾಸ್ಟಿಕ್ಕನ್ನು ಮತ್ತೆ ಹೊದಿಸಿ ನಾಲ್ಕೂ ಅಂಚು ಒಳಗೆ ಸೇರಿಸಿದಳು. ಆಮೇಲೆ ಹತ್ತನೆಯದು, ಹನ್ನೊಂದನೆಯದು, ಹನ್ನೆರಡನೆಯದು. ಗೋಡೆಯ ಆ ಬದಿಯ ನಾಲ್ಕು ಮಂಚಗಳೂ ಹಾಗೆಯೇ ಮುಸುಕು ಹಾಕಿಕೊಂಡು ಸಾಲಾಗಿ ನಿಂತಿದ್ದವು. ಈ ಬದಿಯ ಎಂಟು ಮಂಚಗಳಲ್ಲಿ ಎಂಟು ಜನ ಮಲಗಿದ್ದರು. ಅವರಲ್ಲಿ ಹೆಚ್ಚಿನವರ ಪರವಾಗಿ ಯಂತ್ರಗಳು ಉಸಿರಾಡುತ್ತಿದ್ದವು.

ಆ ಐಸಿಯುವಿನಲ್ಲಿ ಎಲ್ಲರೂ ಅವಳನ್ನು ಪಿಸು ಎಂದು ಕರೆಯುತ್ತಿದ್ದರು. ಕೆಲಸಕ್ಕೆ ಸೇರಿದ ಮೊದಲ ದಿನ ದೊಡ್ಡ ಸಿಸ್ಟರ್ ಏನೋ ಕೇಳಿದಾಗ ಅವಳು ಕೊಟ್ಟ ಉತ್ತರ ಎದುರಿಗೆ ನಿಂತವರಿಗೂ ಕೇಳಿಸಿರಲಿಲ್ಲ. "ಏನಮ್ಮ, ಬರೀ ಪಿಸುಪಿಸು, ಗಟ್ಟಿಯಾಗಿ ಮಾತಾಡೋಕೆ ಕಾಸು ಕೊಡಬೇಕಾ?" ಎಂದು ದೊಡ್ಡ ಸಿಸ್ಟರ್ ನಕ್ಕಿದ್ದರು. ಅಂದಿನಿಂದ ಅದೇ ಹೆಸರು ಅಂಟಿಕೊಂಡಿತು. ಈಗಲೂ ದಿನಕ್ಕೊಂದು ಸಲವಾದರೂ ಅವರು, "ಪಿಸು, ಸ್ವಲ್ಪ ಕಡಿಮೆ ಮಾತಾಡೇ, ಕಿವಿ ತೂತು ಬಿತ್ತು" ಎನ್ನುತ್ತಿದ್ದರು. ಆಸ್ಪತ್ರೆಗೆ ಇಪ್ಪತ್ತೆಂಟು ವರ್ಷ ದುಡಿದ ಹೆಂಗಸು. ಮಾತು ಒರಟು, ಕೈ ಮೆದು. ಪಿಸುವಿಗೆ ಅವರನ್ನು ಕಂಡರೆ ಭಯವೂ ಹೌದು, ಏನೋ ಒಂದು ಧೈರ್ಯವೂ ಹೌದು.

ನಿಜ ಹೇಳಬೇಕೆಂದರೆ ಪಿಸುವಿಗೆ ಮಾತಾಡುವ ಅಗತ್ಯವೇ ಬಿದ್ದಿರಲಿಲ್ಲ. ಮಾತಾಡಲು ಅಕ್ಕ ಇದ್ದಳು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟಾಗ ಹೆಡ್‌ಮಾಸ್ತರರಿಗೆ ಕಾರಣ ಹೇಳಿದ್ದು ಅಕ್ಕ. ಬಾಡಿಗೆ ಮನೆಯವಳೊಂದಿಗೆ ನೀರಿಗೆ ಜಗಳ ಆಡುವವಳು ಅಕ್ಕ. ಈ ಕೆಲಸ ಕೇಳಿ ಕೊಡಿಸಿದ್ದೂ ಅಕ್ಕನೇ. ಅವಳು ಇದೇ ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ಹನ್ನೊಂದು ವರ್ಷದಿಂದ ಬಟ್ಟೆ ಒಗೆಯುತ್ತಿದ್ದಳು. "ನಿನ್ನ ಬಾಯಿನ ಹುಟ್ಟಿದಾಗ್ಲೇ ನನ್ನ ಹತ್ರ ಅಡ ಇಟ್ಟಿದೀಯ ಕಣೆ. ಯಾವತ್ತು ಬಿಡಿಸ್ಕೋತೀಯೋ" ಎಂದು ರೇಗಿಸುತ್ತಿದ್ದಳು.

ಮೊನ್ನೆ ಮಧ್ಯಾಹ್ನ ಅದೇ ಅಕ್ಕ ಇಸ್ತ್ರಿ ಮೇಜಿನ ಪಕ್ಕ ಕುಸಿದು ಬಿದ್ದಿದ್ದಳು. ವಾರದಿಂದ ಕೆಮ್ಮುತ್ತಿದ್ದಳು. ಹಬೆಗೆ ಹೀಗಾಗುತ್ತೆ, ಹೋಗುತ್ತೆ ಬಿಡು ಎಂದು ತಳ್ಳಿಹಾಕಿದ್ದಳು. ಈಗ ಎರಡನೇ ಮಹಡಿಯ ವಾರ್ಡಿನಲ್ಲಿ, ಮೂಗು ಬಾಯಿ ಎರಡನ್ನೂ ಮುಚ್ಚುವ ಮಾಸ್ಕು ಹಾಕಿಕೊಂಡು ದಿಂಬಿಗೆ ಒರಗಿ ಕೂತಿದ್ದಳು. ಎರಡೂ ಶ್ವಾಸಕೋಶಕ್ಕೆ ನಂಜು ಏರಿದೆ ಎಂದಿದ್ದರು. ಮಾತಾಡಬೇಕೆಂದರೆ ಮಾಸ್ಕು ತೆಗೆಯಬೇಕು, ಮಾಸ್ಕು ತೆಗೆದರೆ ಉಸಿರಿಲ್ಲ.

ಬೆಳಿಗ್ಗೆ ಎಂಟೂವರೆಗೆ ವಾರ್ಡಿನ ಡಾಕ್ಟರು ಮೆಟ್ಟಿಲು ಹತ್ತಿ ನಾಲ್ಕನೇ ಮಹಡಿಗೆ, ಐಸಿಯುವಿಗೆ ಬಂದಿದ್ದರು. ಇನ್ನೂ ಚಿಕ್ಕ ಪ್ರಾಯದ ಹೆಂಗಸು. ಕಣ್ಣಿನ ಕೆಳಗೆ ಕಪ್ಪು.

"ಸಿಸ್ಟರ್, ಲಾಂಡ್ರಿ ಅಕ್ಕನಿಗೆ ಒಂದು ಬೆಡ್ ಬೇಕೇ ಬೇಕು. ನಿಮಿಷಕ್ಕೆ ಮೂವತ್ತೆಂಟು ಸಲ ಉಸಿರು ತೊಗೋತಿದಾರೆ. ಇನ್ನು ತುಂಬ ಹೊತ್ತು ಹಾಗೆ ಎಳೆಯೋಕಾಗಲ್ಲ, ಸುಸ್ತಾಗಿಬಿಡ್ತಾರೆ. ಯಂತ್ರಕ್ಕೆ ಹಾಕ್ಲೇಬೇಕು."

ದೊಡ್ಡ ಸಿಸ್ಟರ್ ಗೋಡೆಯ ಬಿಳಿ ಹಲಗೆಯ ಕಡೆ ಗದ್ದ ತೋರಿಸಿದರು. "ಎಂಟಕ್ಕೆ ಎಂಟು ಭರ್ತಿ. ಇವರೂ ಸೇರಿ ಕಾಯೋರು ಮೂರು ಜನ. ಇಬ್ರು ಆಪರೇಷನ್ ಮುಗಿಸಿ ಬರೋರು. ಮೂರನೆಯದಾಗಿ ಬರ್ಕೋತೀನಿ."

"ಬೇರೆ ಆಸ್ಪತ್ರೆಗೆ ಕಳಿಸೋಣ ಅಂದ್ರೆ ನಾಲ್ಕು ಕಡೆ ಫೋನ್ ಮಾಡ್ದೆ. ಎಲ್ಲ ಕಡೆನೂ ಇದೇ ಮಾತು."

"ಗೊತ್ತು" ಎಂದರು ದೊಡ್ಡ ಸಿಸ್ಟರ್. ಅಷ್ಟು ಹೇಳಿ ಪಿಸುವಿನ ಕಡೆ ಒಂದು ಸಲ ನೋಡಿ ಕಣ್ಣು ತಗ್ಗಿಸಿದರು. ಅವರು ಕಣ್ಣು ತಗ್ಗಿಸಿದ್ದನ್ನು ಪಿಸು ಅದೇ ಮೊದಲು ನೋಡಿದ್ದು.

*

ಆ ನಾಲ್ಕು ಮಂಚಗಳಿಗೆ ಮುಸುಕು ಬಿದ್ದ ಕಥೆ ಹೀಗಿದೆ.

ನಾಲ್ಕು ತಿಂಗಳ ಹಿಂದೆ ಆರನೇ ಮಹಡಿಯಿಂದ ಯೋಜನೆಯ ಸಾಹೇಬರು ಇಳಿದು ಬಂದಿದ್ದರು. ಆಸ್ಪತ್ರೆಯಲ್ಲಿ ಎಷ್ಟು ಹಾಸಿಗೆ ಬೇಕು, ಎಲ್ಲಿ ಹೆಚ್ಚಿದೆ, ಎಲ್ಲಿ ಕಡಿಮೆ ಇದೆ ಎಂದು ಗೊತ್ತುಮಾಡುವುದು ಅವರ ಕೆಲಸ. ಕನ್ನಡಕ ಹಣೆಯ ಮೇಲೇರಿಸಿಕೊಂಡು ಅದನ್ನೇ ಹುಡುಕುವಂಥ ಮನುಷ್ಯ, ಆದರೆ ಕೆಟ್ಟವರಲ್ಲ. ಎರಡು ತಿಂಗಳ ಕಾಲ ದಿನವೂ ಎಷ್ಟು ಹಾಸಿಗೆ ತುಂಬಿದೆ ಎಂದು ಯಾರಾದರೂ ಎಣಿಸಿ ಬರೆದಿಡಬೇಕು ಎಂದರು.

"ನಮಗೆ ಮೂಗು ಕೆರ್ಕೊಳ್ಳೋಕೂ ಪುರಸೊತ್ತಿಲ್ಲ ಸಾರ್" ಎಂದರು ದೊಡ್ಡ ಸಿಸ್ಟರ್. "ಈ ಹುಡುಗಿ ಎಣಿಸ್ತಾಳೆ. ಹಾಸಿಗೆ ಹಾಸೋಳು ಇವಳೇ ಅಲ್ವಾ, ಇವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತೆ?"

ಸಾಹೇಬರು ಪಿಸುವಿನ ಕಡೆ ತಿರುಗಿದರು. "ದಿನಾ ಒಂದೇ ಹೊತ್ತಿಗೆ ಎಣಿಸ್ಬೇಕಮ್ಮ. ಯಾವ ಹೊತ್ತು ಅನ್ನೋದು ಅಷ್ಟು ಮುಖ್ಯ ಅಲ್ಲ, ದಿನಾ ಅದೇ ಹೊತ್ತಾಗಿರ್ಬೇಕು, ಅಷ್ಟೆ. ನಿನಗೆ ಯಾವಾಗ ಕೈ ಬಿಡುವಾಗುತ್ತೆ?"

ಅವಳ ಜೀವಮಾನದಲ್ಲಿ ಯಾರೂ ಅವಳನ್ನು ಏನನ್ನೂ ಕೇಳಿ, ಅವಳು ಹೇಳಿದ್ದನ್ನು ಬರೆದುಕೊಂಡಿರಲಿಲ್ಲ. ಪಿಸು ಯೋಚಿಸಿದಳು. ಹತ್ತಕ್ಕೆ ಡಾಕ್ಟರುಗಳ ಸುತ್ತು ಮುಗಿಯುತ್ತದೆ. ಸುಧಾರಿಸಿದವರನ್ನು ವಾರ್ಡಿಗೆ ಕಳಿಸುತ್ತಾರೆ. ಅವರು ಹೋದ ಮಂಚಗಳನ್ನು ಒರೆಸಿ, ಹಾಸಿಗೆಯ ಗವಸು ಬದಲಿಸಿ, ಹೊಸ ಬೆಡ್‌ಶೀಟ್ ಹಾಸುವಷ್ಟರಲ್ಲಿ ಹತ್ತು ಮುಕ್ಕಾಲು. ಆಮೇಲೆ ಸ್ವಲ್ಪ ಹೊತ್ತು ಉಸಿರಾಡಲು ಸಿಗುತ್ತದೆ.

"ಹನ್ನೊಂದಕ್ಕೆ" ಎಂದಳು. ಆ ಸಲ ಅವಳ ಮಾತು ಎಲ್ಲರಿಗೂ ಕೇಳಿಸಿತ್ತು.

ಅರವತ್ತು ದಿನ, ಒಂದು ದಿನವೂ ತಪ್ಪದೆ, ಗಡಿಯಾರದ ದೊಡ್ಡ ಮುಳ್ಳು ಹನ್ನೆರಡರ ಮೇಲೆ ಬಂದ ತಕ್ಷಣ ಅವಳು ಬಾಗಿಲ ಬಳಿ ನಿಂತು ಎಣಿಸಿದಳು. ತುಂಬಿದ್ದು ಏಳು. ತುಂಬಿದ್ದು ಆರು. ತುಂಬಿದ್ದು ಎಂಟು. ಅಕ್ಕ ತಂದುಕೊಟ್ಟ ನೀಲಿ ಪೆನ್ನಿನಲ್ಲಿ, ಗೆರೆ ಎಳೆದ ಹಾಳೆಯಲ್ಲಿ ಬರೆದಳು. ಜ್ವರ ಬಂದ ದಿನವೂ ಬಂದು ಎಣಿಸಿ ಹೋದಳು. ಹಾಳೆ ಒಪ್ಪಿಸಿದಾಗ ಸಾಹೇಬರು, "ಎಷ್ಟು ದುಂಡಗಿನ ಅಕ್ಷರ! ಇಡೀ ಆಸ್ಪತ್ರೆಯಲ್ಲಿ ಒಂದೂ ದಿನ ಬಿಡದೆ ಬರೆದಿರೋದು ನೀನೊಬ್ಳೇ" ಎಂದರು. ಅಂದು ಮನೆಗೆ ಹೋಗುವ ದಾರಿಯುದ್ದಕ್ಕೂ ಅವಳ ಕಾಲು ನೆಲದ ಮೇಲಿರಲಿಲ್ಲ. ಅಕ್ಕ, "ಅಯ್ಯೋ, ಆಫೀಸರಮ್ಮ ಬಂದ್ರು, ಚಾಪೆ ಹಾಸ್ರೋ" ಎಂದು ಖಾಲಿ ಮನೆಗೆಲ್ಲ ಕೇಳುವ ಹಾಗೆ ಕೂಗಿದ್ದಳು.

ಅದೇ ದಿನಗಳಲ್ಲಿ ಒಮ್ಮೆ ಅಕ್ಕ, ಊಟದ ಡಬ್ಬಿ ತೆರೆಯುತ್ತ, ಇನ್ನೊಂದು ಮಾತೂ ಆಡಿದ್ದಳು. "ಅಲ್ಲ ಕಣೆ, ನಿಮ್ಮಲ್ಲಿರೋದು ಹನ್ನೆರಡು ಮಂಚ. ದಿನಾ ಆರು, ಏಳು ಗವಸು ನನ್ನ ಹತ್ರ ಒಗೆಯೋಕೆ ಬರುತ್ತೆ. ಅದೇನು ಐಸಿಯುನಾ ಬಸ್‌ಸ್ಟ್ಯಾಂಡಾ? ಕೂತೋರು ಎದ್ದ ಹಾಗೆ ಇನ್ನೊಬ್ರು ಬಂದು ಕೂತ್ಕೋತಾರಾ?" ಪಿಸು ನಕ್ಕಿದ್ದಳು. ಅದನ್ನು ತಮಾಷೆ ಎಂದುಕೊಂಡಿದ್ದಳು.

ಆಮೇಲೆ ಆದೇಶ ಬಂತು. ದಿನದ ಸರಾಸರಿ ಏಳು ಹಾಸಿಗೆ. ಎಚ್ಚರಿಕೆಗೆ ಒಂದು ಸೇರಿಸಿ ಎಂಟು. ಉಳಿದ ನಾಲ್ಕು ಹೆಚ್ಚುವರಿ. ಒಬ್ಬ ನರ್ಸಿಗೆ ಇಬ್ಬರು ರೋಗಿ ಎಂಬ ಲೆಕ್ಕದಲ್ಲಿ ಪ್ರತಿ ಪಾಳಿಯಲ್ಲಿದ್ದ ಆರು ನರ್ಸುಗಳಲ್ಲಿ ಇಬ್ಬರನ್ನು ಊರಿನ ಆಚೆ ತುದಿಯ ಇನ್ನೊಂದು ಆಸ್ಪತ್ರೆಗೆ ಕಳಿಸಿದರು. ಮಂಚಗಳನ್ನು ಯಾರೂ ಒಯ್ಯಲಿಲ್ಲ. ಯಂತ್ರಗಳನ್ನೂ ಒಯ್ಯಲಿಲ್ಲ, ಅವು ಪಕ್ಕದ ಸಾಮಾನು ಕೋಣೆಯಲ್ಲಿ ಗೋಡೆಗೆ ಮುಖಮಾಡಿ ನಿಂತವು.

"ಹಾಸಿಗೆ ಅಂದ್ರೆ ಮಂಚ ಅಂದ್ಕೊಂಡಿದಾರೆ ಇವರೆಲ್ಲ" ಎಂದು ದೊಡ್ಡ ಸಿಸ್ಟರ್ ಅಂದು ಕೂಗಾಡಿದ್ದರು. "ಹಾಸಿಗೆ ಅಂದ್ರೆ ಮಂಚದ ಪಕ್ಕ ನಿಂತ್ಕೊಳ್ಳೋ ಮನುಷ್ಯ. ಆ ಮನುಷ್ಯ ಇಲ್ದಿದ್ರೆ ಇದೂ ಒಂದೇ, ಮರದ ಬೆಂಚೂ ಒಂದೇ!"

ಯಾವ ಎಣಿಕೆಯಿಂದ ಹೀಗಾಯಿತು ಎಂದು ಅವರೂ ಕೇಳಲಿಲ್ಲ, ಪಿಸುವೂ ಹೇಳಲಿಲ್ಲ. ಸರಿಯಾಗಿ ಎಣಿಸಿದ್ದೇನೆ ಎಂದೇ ಅವಳ ನಂಬಿಕೆ. ಒಂದೂ ತಪ್ಪಿರಲಿಲ್ಲ.

ಹೋದ ವಾರ, ಎಂಟೂ ಭರ್ತಿಯಾಗಿದ್ದಾಗ ಒಂಬತ್ತನೆಯವರೊಬ್ಬರು ಬಂದರು. ಪಾಪ ಎಂದು ಒಬ್ಬ ನರ್ಸು, ಅವರನ್ನು ತನ್ನ ಇಬ್ಬರು ರೋಗಿಗಳ ಪಕ್ಕದಲ್ಲೇ ಗಾಲಿಮಂಚದ ಮೇಲಿಟ್ಟುಕೊಂಡು, ಮೂವರನ್ನು ನೋಡಿಕೊಳ್ಳಲು ಒಪ್ಪಿಕೊಂಡಳು. ಅವಳು ಒಬ್ಬರ ಕಫ ಎಳೆಯುತ್ತಿದ್ದಾಗ ಬೆನ್ನ ಹಿಂದೆ ಇನ್ನೊಬ್ಬರ ಗಂಟಲ ಕೊಳವೆ ಜಾರಿತು. ಎರಡು ನಿಮಿಷದಲ್ಲಿ ಜೀವ ಹೋಯಿತು. ಅಷ್ಟೇ. ಆ ನರ್ಸು ಈಗಲೂ ಕೆಲಸಕ್ಕೆ ಬರುತ್ತಾಳೆ, ಆದರೆ ಯಾರೊಂದಿಗೂ ಊಟಕ್ಕೆ ಕೂರುವುದಿಲ್ಲ. ಅಂದಿನಿಂದ ದೊಡ್ಡ ಸಿಸ್ಟರ್ ಬಾಗಿಲಿಗೆ ಒಂದು ಚೀಟಿ ಅಂಟಿಸಿದರು: ಒಬ್ಬರಿಗೆ ಇಬ್ಬರು, ಮೂರನೆಯವರಿಲ್ಲ.

*

ಈ ಹೊತ್ತು ಹತ್ತರ ಸುತ್ತಿನಲ್ಲಿ ಡಾಕ್ಟರುಗಳು ಮೂರನೇ ಮಂಚದವರನ್ನೂ ಆರನೇ ಮಂಚದವರನ್ನೂ ವಾರ್ಡಿಗೆ ಕಳಿಸಬಹುದು ಎಂದರು. ಆ ಮಾತು ಕಿವಿಗೆ ಬಿದ್ದದ್ದೇ ಪಿಸುವಿನ ಕೈಗಳಿಗೆ ಎಲ್ಲಿಲ್ಲದ ವೇಗ ಬಂತು. ಅವರಿಬ್ಬರ ಗಾಲಿಮಂಚ ಬಾಗಿಲು ದಾಟುವ ಮೊದಲೇ ಅವಳು ಬಕೆಟ್ಟು ಹಿಡಿದು ನಿಂತಿದ್ದಳು. ಒರೆಸಿದಳು, ಗವಸು ಬದಲಿಸಿದಳು, ಹಸಿರು ಬೆಡ್‌ಶೀಟ್ ಹಾಸಿ ಮೂಲೆಗಳನ್ನು ಬಿಗಿಯಾಗಿ ಮಡಿಸಿದಳು. ಆರನೆಯದರ ದಿಂಬನ್ನು ಎರಡು ಸಲ ತಟ್ಟಿದಳು. ಅಕ್ಕನಿಗೆ ಎತ್ತರದ ದಿಂಬು ಬೇಕು.

ತಲೆ ಎತ್ತಿದಾಗ ಗಡಿಯಾರದಲ್ಲಿ ಹನ್ನೊಂದು. ಹಳೆಯ ಅಭ್ಯಾಸದಂತೆ ಅವಳ ಕಣ್ಣು ತಾನೇ ತಾನಾಗಿ ಎಣಿಸಿತು. ತುಂಬಿದ್ದು ಆರು. ಖಾಲಿ ಎರಡು.

ದೊಡ್ಡ ಸಿಸ್ಟರ್ ಬಳಿ ಹೋಗಿ ನಿಂತಳು. ಅವರು ಬರೆಯುತ್ತಿದ್ದವರು ತಲೆ ಎತ್ತಿದರು.

"ಎರಡು ಖಾಲಿ ಇದೆ" ಎಂದಳು.

"ಎಲ್ಲೇ ಖಾಲಿ?"

ಪಿಸು ಕೈ ತೋರಿಸಿದಳು.

ದೊಡ್ಡ ಸಿಸ್ಟರ್ ಪೆನ್ನು ಕೆಳಗಿಟ್ಟರು. ಅವರ ದನಿ ಯಾವತ್ತಿನ ಹಾಗೆ ಇರಲಿಲ್ಲ. "ಅವು ಖಾಲಿ ಅಲ್ಲಮ್ಮ. ಅವರಿಬ್ರೂ ಬೆಳಿಗ್ಗೆ ಎಂಟರಿಂದ ಆಪರೇಷನ್ ಥಿಯೇಟರಲ್ಲಿ ಮಲಗಿದಾರೆ. ಹೊಟ್ಟೆ ತೆರೆದಾಗಿದೆ. ಹನ್ನೆರಡೂವರೆ ಒಂದಕ್ಕೆ ಬರ್ತಾರೆ. ಇನ್ನೊಬ್ರನ್ನ ಮಲಗಿಸ್ಬಿಟ್ಟು ಅವರನ್ನ ಎಲ್ಲಿಡ್ಲಿ? ಕಾರಿಡಾರಲ್ಲಾ?"

"ದಿನಾನೂ ಹಾಗೇನಾ?"

"ಏನು ದಿನಾ?"

"ಹನ್ನೊಂದಕ್ಕೆ ಖಾಲಿ ಇರೋದೆಲ್ಲ... ಆಗ್ಲೇ ಯಾರಿಗೋ ಸೇರಿದ್ದಾ?"

"ಮತ್ತೆ? ಹನ್ನೊಂದಕ್ಕೆ ಹೋಗೋರು ಹೋಗಿರ್ತಾರೆ, ಬರೋರು ಬಂದಿರಲ್ಲ. ಎರಡು ಗಂಟೆಗೆ ನೋಡು, ಕಾಲಿಡೋಕೆ ಜಾಗ ಇರಲ್ಲ. ಇಷ್ಟು ವರ್ಷ ಇಲ್ಲೇ ಇದ್ದೂ ನೋಡಿಲ್ವಾ ನೀನು?"

ನೋಡಿದ್ದಳು. ದಿನವೂ ನೋಡಿದ್ದಳು. ಎರಡು ಗಂಟೆಯ ಹೊತ್ತಿಗೆ ಹನ್ನೆರಡೂ ಮಂಚ ತುಂಬಿ, ಬಕೆಟ್ಟು ಹಿಡಿದು ನಡೆಯಲು ಜಾಗವಿಲ್ಲದೆ ಗೋಡೆಗೆ ಒತ್ತಿಕೊಂಡು ನಿಂತದ್ದು ಅವಳೇ. ಆದರೆ ಎಣಿಸು ಎಂದು ಹೇಳಿದ್ದ ಹೊತ್ತು ಹನ್ನೊಂದು. ಹೇಳಿದ್ದವರು ಯಾರು? ಅವಳೇ ಹೇಳಿದ್ದಳು. ತನ್ನ ಕೈ ಬಿಡುವಾಗುವ ಹೊತ್ತು ಎಂದರೆ ಮಂಚಗಳೂ ಬಿಡುವಾಗಿರುವ ಹೊತ್ತು; ಮಂಚ ಖಾಲಿಯಾಯಿತೆಂದೇ ಅವಳು ಅದನ್ನು ಹಾಸಿದ್ದು, ಹಾಸಿ ಮುಗಿಯಿತೆಂದೇ ಅವಳಿಗೆ ಬಿಡುವು. ಅರವತ್ತು ದಿನವೂ ಅವಳು ತಾನು ಆಗಷ್ಟೇ ಹಾಸಿದ ಹಾಸಿಗೆಗಳನ್ನು, ಯಾರ್ಯಾರೋ ಬರಬೇಕಿದ್ದ ಹಾಸಿಗೆಗಳನ್ನು, ಯಾರಿಗೂ ಬೇಡವಾದವು ಎಂದು ದುಂಡಗಿನ ಅಕ್ಷರದಲ್ಲಿ ಬರೆದುಕೊಟ್ಟಿದ್ದಳು.

ಮುಸುಕು ಹಾಕಿದ ನಾಲ್ಕು ಮಂಚಗಳ ಕಡೆ ನೋಡಿದಳು. ಅವುಗಳಲ್ಲಿ ಒಂದು ಅಕ್ಕನದು.

"ಪಿಸು, ಮುಖ ಯಾಕೆ ಹೀಗೆ ಬಿಳಚಿಕೊಂಡಿದೆ? ಏನಾದ್ರೂ ತಿಂದ್ಯಾ?"

ಪಿಸು ಮೆಟ್ಟಿಲಿಳಿದು ಓಡಿದಳು.

*

ಲಾಂಡ್ರಿಯಲ್ಲಿ ಅಕ್ಕನ ಯಂತ್ರ ನಿಂತಿತ್ತು. ಇಸ್ತ್ರಿ ಮಾಡುವ ಅಜ್ಜನೊಬ್ಬ ಹಬೆಯ ನಡುವೆ ನಿಂತಿದ್ದ. ಇವಳನ್ನು ಕಂಡದ್ದೇ ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿ, "ಹೇಗಿದಾಳೆ ತಾಯಿ?" ಎಂದ.

"ಪುಸ್ತಕ ಬೇಕು ತಾತ."

"ಯಾವ ಪುಸ್ತಕ?"

"ಅಕ್ಕ ಬರೆಯೋದು. ಗವಸಿಂದು."

ಅಜ್ಜ ಸಾಬೂನಿನ ಡಬ್ಬದ ಹಿಂದಿನಿಂದ ಒದ್ದೆಯಾಗಿ ಒಣಗಿ ಉಬ್ಬಿಕೊಂಡಿದ್ದ ಪುಸ್ತಕವೊಂದನ್ನು ತೆಗೆದುಕೊಟ್ಟ. "ನಿನ್ನೆ ನನ್ನ ಮೊಮ್ಮಗಳಿಗಿಂತ ಹೆಚ್ಚಾಗಿ ನಿಮ್ಮಕ್ಕನ್ನ ನೆನೆಸ್ಕೊಂಡೆ ಕಣಮ್ಮ. ಅವಳು ಬೈಯದೆ ಇಸ್ತ್ರಿನೇ ನೆಟ್ಟಗೆ ಕೂರ್ತಿಲ್ಲ ಅಂತ ಹೇಳು."

ಬೆಡ್‌ಶೀಟಾದರೆ ದಿನಕ್ಕೆ ಎರಡು ಸಲ, ಮೂರು ಸಲ ಬದಲಾಗುತ್ತದೆ. ಹಾಸಿಗೆಯ ಗವಸು ಹಾಗಲ್ಲ. ರೋಗಿ ಮಂಚ ಬಿಟ್ಟು ಹೋದಾಗ ಮಾತ್ರ, ವಾರ್ಡಿಗಾಗಲಿ, ಹೆಣದ ಕೋಣೆಗಾಗಲಿ, ಗವಸು ಕೆಳಗೆ ಬರುತ್ತದೆ. ಅಕ್ಕ ಪ್ರತಿ ಗವಸನ್ನೂ ಬಂದ ಹೊತ್ತಿನೊಂದಿಗೆ ಬರೆದಿಟ್ಟಿದ್ದಳು. ಕಳೆದುಹೋದರೆ ತನ್ನ ತಲೆಗೆ ಬರುತ್ತದೆ ಎಂಬ ಹೆದರಿಕೆಗೆ. ಪಿಸು ಮೆಟ್ಟಿಲ ಮೇಲೆಯೇ ಕೂತು ತನ್ನ ಅರವತ್ತು ದಿನಗಳನ್ನು ಹುಡುಕಿದಳು. ಆರು ಗವಸು. ಏಳು. ಐದು. ಎಂಟು. ಪ್ರತಿ ದಿನವೂ ಬೆಳಿಗ್ಗೆ ಹತ್ತೂವರೆಯಿಂದ ಹನ್ನೊಂದರೊಳಗೆ ಒಂದು ರಾಶಿ. ಅಂದರೆ ಅಷ್ಟೇ ಜನ ಹೋದರು, ಅಷ್ಟೇ ಜನ ಬಂದರು.

ಆರನೇ ಮಹಡಿಯವರೆಗೆ ಏಳು ಜೊತೆ ಮೆಟ್ಟಿಲು. ನಡುವೆ ಎರಡನೇ ಮಹಡಿಯಲ್ಲಿ ನಿಂತು ವಾರ್ಡಿನ ಬಾಗಿಲ ಗಾಜಿನಿಂದ ಇಣುಕಿದಳು. ಅಕ್ಕನ ಭುಜಗಳು ಏರಿ ಇಳಿಯುತ್ತಿದ್ದವು, ಓಡಿ ಬಂದವಳ ಹಾಗೆ. ಕೂತಲ್ಲೇ ಕೂತಿದ್ದಳು.

ಯೋಜನೆಯ ಕೋಣೆಯ ಬಾಗಿಲು ಮುಚ್ಚಿತ್ತು. ಒಳಗೆ ಸಭೆ. ಬಾಗಿಲ ಹಿಡಿಯ ಮೇಲೆ ಕೈಯಿಟ್ಟು ಪಿಸು ನಿಂತಳು. ಇಂಥ ಹೊತ್ತಿನಲ್ಲಿ ಯಾವಾಗಲೂ ಅಕ್ಕ ಅವಳನ್ನು ಹಿಂದಕ್ಕೆ ಸರಿಸಿ ತಾನು ಮುಂದೆ ಹೋಗುತ್ತಿದ್ದಳು. ಅವಳು ಹಿಂದಕ್ಕೆ ನೋಡಿದಳು. ಕಾರಿಡಾರಿನಲ್ಲಿ ಯಾರೂ ಇರಲಿಲ್ಲ.

ಬಾಗಿಲು ತಳ್ಳಿದಳು.

ಉದ್ದ ಮೇಜಿನ ಸುತ್ತ ಏಳೆಂಟು ಜನ. ಗೋಡೆಯ ಮೇಲೆ ಬಣ್ಣಬಣ್ಣದ ಕಂಬಗಳ ಚಿತ್ರ. "ಯಾರಮ್ಮ ನೀನು? ಕಸ ಆಮೇಲೆ ತೆಗೀಬಹುದು" ಎಂದರು ಯಾರೋ.

"ಸಾರ್, ಎಣಿಕೆ ತಪ್ಪು" ಎಂದಳು ಪಿಸು.

ಸಾಹೇಬರು ಹಣೆಯ ಮೇಲಿನ ಕನ್ನಡಕವನ್ನು ಕಣ್ಣಿಗೆ ಇಳಿಸಿಕೊಂಡರು. ಗುರುತು ಸಿಕ್ಕಿತು. "ಓ, ದುಂಡಗಿನ ಅಕ್ಷರದ ಹುಡುಗಿ! ಯಾವ ಎಣಿಕೆಯಮ್ಮ?"

"ನಂದು. ನಾನು ಹನ್ನೊಂದಕ್ಕೆ ಎಣಿಸ್ದೆ. ಹನ್ನೊಂದಕ್ಕೆ ಹೋಗೋರು ಹೋಗಿರ್ತಾರೆ, ಬರೋರು ಬಂದಿರಲ್ಲ. ಎರಡು ಗಂಟೆಗೆ ಹನ್ನೆರಡೂ ತುಂಬಿರುತ್ತೆ ಸಾರ್. ನೋಡಿ." ಪುಸ್ತಕವನ್ನು ಮೇಜಿನ ಮೇಲಿಟ್ಟಳು. ಅದರಿಂದ ಸಾಬೂನಿನ ವಾಸನೆ ಬಂತು. "ಒಂದು ಗವಸು ಅಂದ್ರೆ ಒಬ್ರು ಹೋದ್ರು ಅಂತ. ಬೆಳಿಗ್ಗೆ ಐದು ಜನ ಹೋಗ್ತಾರೆ. ಖಾಲಿ ಅಂತ ನಾನು ಬರೆದೆ. ಮಧ್ಯಾಹ್ನ ಐದು ಜನ ಬರ್ತಾರೆ. ಅದನ್ನ ನಾನು ಬರೀಲಿಲ್ಲ. ನೀವು ಕೇಳಲಿಲ್ಲ."

ಅಷ್ಟು ಉದ್ದದ ಮಾತು ಅವಳು ಹುಟ್ಟಿದಮೇಲೆ ಆಡಿರಲಿಲ್ಲ.

ಮೊದಲು ಒಬ್ಬರು ನಕ್ಕರು. "ಈಗ ಲಾಂಡ್ರಿಯವರೂ ಯೋಜನೆ ಮಾಡ್ತಾರಾ?" ಎಂದರು. ಸಾಹೇಬರು ನಗಲಿಲ್ಲ. ಪುಸ್ತಕವನ್ನು ಹತ್ತಿರ ಎಳೆದುಕೊಂಡು ಒಂದು ಪುಟ ನೋಡಿದರು, ಇನ್ನೊಂದು ನೋಡಿದರು. ತಮ್ಮ ಲ್ಯಾಪ್‌ಟಾಪಿನಲ್ಲಿ ಪಿಸುವಿನ ಅರವತ್ತು ಸಾಲುಗಳನ್ನು ತೆರೆದು ಪಕ್ಕಪಕ್ಕ ಇಟ್ಟು ಬೆರಳಾಡಿಸಿದರು. ಅವರ ಬೆರಳು ನಿಧಾನವಾಗುತ್ತ ಹೋಯಿತು.

"ಯಾವ ಹೊತ್ತಾದ್ರೂ ಪರವಾಗಿಲ್ಲ ಅಂದೋನು ನಾನು" ಎಂದರು ಕೊನೆಗೆ, ಯಾರಿಗೂ ಅಲ್ಲ ಎಂಬ ಹಾಗೆ. ಆಮೇಲೆ ಅವಳ ಕಡೆ ನೋಡಿದರು. "ನೀನು ಹೇಳಿದ್ದು ಸರಿ ಇದೆಯಮ್ಮ. ಇದನ್ನ ಸರಿ ಮಾಡ್ಲೇಬೇಕು. ವರದಿ ವಾಪಸ್ ತೊಗೋತೀನಿ. ಮುಂದಿನ..."

"ನಮ್ಮಕ್ಕ ಎರಡನೇ ಮಹಡೀಲಿದಾಳೆ ಸಾರ್. ಇವತ್ತು."

ಸಾಹೇಬರು ಫೋನು ತೆಗೆದುಕೊಂಡು ಕಿಟಕಿಯ ಬಳಿಗೆ ಹೋದರು. ಅವಳಿಗೆ ಅವರ ಬೆನ್ನು ಮಾತ್ರ ಕಾಣುತ್ತಿತ್ತು. "ಇಬ್ಬರು ಬೇಡ, ಒಬ್ಬರಾದ್ರೂ ಸಾಕು... ಗೊತ್ತು, ಗೊತ್ತು, ನಿಮ್ಮಲ್ಲೂ... ಇಲ್ಲ, ಆದೇಶ ನಾನು ಕಳಿಸ್ತೀನಿ..." ಮೂರು ಕಡೆ ಮಾತಾಡಿದರು. ಒಂದು ಕಡೆ ಬೇಡಿಕೊಂಡರು ಕೂಡ. ಗೋಡೆಯ ಗಡಿಯಾರದಲ್ಲಿ ಹನ್ನೆರಡು ಹತ್ತು, ಹನ್ನೆರಡು ಕಾಲು.

ತಿರುಗಿದಾಗ ಅವರ ಮುಖ ಇಳಿದುಹೋಗಿತ್ತು. "ಸೋಮವಾರ" ಎಂದರು. "ಸೋಮವಾರ ಬೆಳಿಗ್ಗೆ ಇಬ್ಬರು ನರ್ಸುಗಳು ವಾಪಸ್ ಬರ್ತಾರೆ. ಅದಕ್ಕಿಂತ ಬೇಗ ಆಗ್ತಿಲ್ಲ. ಅಲ್ಲೂ ಅವರ ಮೇಲೆ ಇಬ್ಬಿಬ್ಬರು ರೋಗಿಗಳಿದಾರೆ. ಬಿಟ್ಟು ಬಾ ಅಂತ ಹೇಗೆ ಹೇಳಲಿ?"

ಅಂದು ಗುರುವಾರ.

ಪಿಸು ಪುಸ್ತಕ ಎತ್ತಿಕೊಂಡಳು. ಸಾಹೇಬರು ಏನೋ ಹೇಳಲು ಬಾಯಿ ತೆರೆದರು. ಅವಳು ಕಾಯಲಿಲ್ಲ.

*

ವಾರ್ಡಿನಲ್ಲಿ ಅಕ್ಕನ ಪಕ್ಕ ಡಾಕ್ಟರು ನಿಂತಿದ್ದರು. ಅಕ್ಕನ ತುಟಿಯ ಬಣ್ಣ ಬೇರೆಯಾಗಿತ್ತು. ಪಿಸುವನ್ನು ಕಂಡು ಅಕ್ಕ ಕೈ ಚಾಚಿದಳು. ಹನ್ನೊಂದು ವರ್ಷ ಬಟ್ಟೆ ಒಗೆಯುವ ಸೋಡಾದ ನೀರಿನಲ್ಲಿ ನೆನೆದು ಒರಟಾದ ಕೈ, ಈಗ ತಣ್ಣಗಿತ್ತು. ಪುಸ್ತಕವನ್ನು ನೋಡಿ ಅಕ್ಕನ ಹುಬ್ಬು ಮೇಲೇರಿತು. ಮಾಸ್ಕನ್ನು ಅರ್ಧ ಬೆರಳಷ್ಟು ಸರಿಸಿದಳು.

"ಯಾರ... ಹತ್ರ... ಹೋಗಿದ್ದೆ?"

"ಸಾಹೇಬ್ರ ಹತ್ರ. ಮಾತಾಡ್ದೆ ಅಕ್ಕ."

"ನೀನಾ?"

"ಹೂಂ. ಎಲ್ಲರೆದುರಿಗೆ."

ಅಕ್ಕನ ಕಣ್ಣಿನ ಅಂಚಿನಲ್ಲಿ ಗೆರೆಗಳು ಮೂಡಿದವು. ಅವಳು ನಗುವಾಗ ಬರುವ ಗೆರೆಗಳು. "ಬಿಡಿಸ್ಕೊಂಡೆ... ಅನ್ನು... ಬಾಯಿನ" ಎಂದಳು. ಅಷ್ಟಕ್ಕೇ ಉಸಿರು ಕಟ್ಟಿ, ಕಣ್ಣು ಮೇಲಕ್ಕೆ ಹೋಯಿತು. ಡಾಕ್ಟರು ಮಾಸ್ಕನ್ನು ಒತ್ತಿ ಹಿಡಿದರು. "ಮಾತಾಡಿಸ್ಬೇಡ, ಮಾತಾಡಿಸ್ಬೇಡ." ಪಿಸುವನ್ನು ಪಕ್ಕಕ್ಕೆ ಕರೆದು, "ಇನ್ನೊಂದು ಗಂಟೆ ತಡೀಬಹುದು. ಅದೂ ನನಗೆ ಅನುಮಾನ. ಇಲ್ಲೇ ಕೊಳವೆ ಹಾಕೋದೇನೋ ಹಾಕ್ತೀನಿ. ಹಾಕಿದಮೇಲೆ ನೋಡ್ಕೊಳ್ಳೋರು ಬೇಕು. ನನಗಿಲ್ಲಿ ನಲವತ್ತು ಜನ ಇದಾರಮ್ಮ" ಎಂದರು.

ಪಿಸು ನಾಲ್ಕನೇ ಮಹಡಿಗೆ ಹತ್ತಿದಳು. ಈ ಸಲ ಓಡಲಿಲ್ಲ. ಮೊದಲು ಸಾಮಾನು ಕೋಣೆಗೆ ಹೋಗಿ, ಗೋಡೆಗೆ ಮುಖಮಾಡಿ ನಿಂತಿದ್ದ ಉಸಿರಿನ ಯಂತ್ರವೊಂದನ್ನು ತಿರುಗಿಸಿ, ತಳ್ಳಿಕೊಂಡು ಹೊರಗೆ ತಂದಳು. ಒಂಬತ್ತನೇ ಮಂಚದ ಪ್ಲಾಸ್ಟಿಕ್ ತೆಗೆದು ಮಡಿಸಿದಳು. ಬೆಳಿಗ್ಗೆಯಷ್ಟೇ ಒರೆಸಿದ್ದ ಹಾಸಿಗೆ. ಗವಸು ಹಾಕಿದಳು, ಅದರ ಮೂಲೆಯಲ್ಲಿ ಅಕ್ಕ ಕೆಂಪು ದಾರದಿಂದ ಹಾಕಿದ ಗುರುತಿತ್ತು. ಹಸಿರು ಬೆಡ್‌ಶೀಟ್ ಹಾಸಿದಳು. ಮೂಲೆಗಳನ್ನು ಬಿಗಿದಳು. ಎರಡು ದಿಂಬು ಇಟ್ಟಳು. ಯಂತ್ರದ ತಂತಿಯನ್ನು ಗೋಡೆಗೆ ಚುಚ್ಚಿದಳು. ಹಸಿರು ದೀಪ ಹತ್ತಿತು.

ಆಗಲೇ ಥಿಯೇಟರಿನಿಂದ ಮೊದಲನೆಯವರು ಬಂದಿದ್ದರು. ಎರಡನೆಯವರ ಗಾಲಿಮಂಚ ಬಾಗಿಲಲ್ಲಿ ತಿರುಗುತ್ತಿತ್ತು. ನಾಲ್ವರು ನರ್ಸುಗಳೂ ತಮ್ಮ ತಮ್ಮ ಇಬ್ಬಿಬ್ಬರ ನಡುವೆ ನಿಂತಿದ್ದರು. ಒಬ್ಬಳ ಕೈಯಲ್ಲಿ ರಕ್ತದ ಚೀಲ, ಇನ್ನೊಬ್ಬಳ ಕೈ ರೋಗಿಯ ಗದ್ದದ ಕೆಳಗೆ. ಹೋದ ವಾರ ಮೂವರನ್ನು ನೋಡಿಕೊಂಡಿದ್ದ ನರ್ಸು ಎರಡೂ ಮಂಚಗಳ ಕಂಬಿಯನ್ನು ಎರಡು ಕೈಯಲ್ಲಿ ಹಿಡಿದುಕೊಂಡಿದ್ದಳು. ದೊಡ್ಡ ಸಿಸ್ಟರ್ ಸ್ವತಃ ಏಳನೇ ಮಂಚದ ಮೇಲೆ ಬಾಗಿ, ಎದೆ ಒತ್ತುತ್ತ, ಬಾಯಲ್ಲಿ ಎಣಿಸುತ್ತಿದ್ದರು.

ಪಿಸು ಒಂಬತ್ತನೇ ಮಂಚದ ಪಕ್ಕ ನೆಟ್ಟಗೆ ನಿಂತಳು.

"ಹಾಸಿಗೆ ಆಗಿದೆ" ಎಂದಳು. ಅವಳ ದನಿ ಇಷ್ಟು ದೊಡ್ಡದೆಂದು ಅವಳಿಗೇ ಗೊತ್ತಿರಲಿಲ್ಲ. ತಲೆಗಳು ತಿರುಗಿದವು. "ಯಂತ್ರ ಇದೆ. ನಾನು ತಂದಿಟ್ಟಿದೀನಿ. ನಮ್ಮಕ್ಕ ಎರಡನೇ ಮಹಡೀಲಿದಾಳೆ, ನಾನೇ ಎತ್ಕೊಂಡ್ ಬರ್ತೀನಿ. ಯಾರಾದ್ರೂ ಒಬ್ರು ಇಲ್ಲಿ ಬಂದು ನಿಂತ್ಕೊಳ್ಳಿ."

ತಿರುಗಿದ್ದ ತಲೆಗಳು ಒಂದೊಂದಾಗಿ ಮತ್ತೆ ತಮ್ಮ ಮಂಚಗಳ ಕಡೆ ಬಾಗಿದವು. ಹೋದ ವಾರದ ಆ ನರ್ಸು ಮಾತ್ರ ಒಂದು ಹೆಜ್ಜೆ ಎತ್ತಿದಳು. ಅವಳ ಎಡಗಡೆಯ ಯಂತ್ರ ಕೂಗಿಕೊಂಡಿತು. ಎತ್ತಿದ ಹೆಜ್ಜೆಯನ್ನು ಅವಳು ಅಲ್ಲೇ ಇಟ್ಟಳು. ದೊಡ್ಡ ಸಿಸ್ಟರ್ ತಲೆ ಎತ್ತಲಿಲ್ಲ; ಅವರ ಎಣಿಕೆ ಹದಿನೆಂಟು, ಹತ್ತೊಂಬತ್ತು ಎಂದು ಮುಂದುವರಿಯಿತು, ಕಣ್ಣಿನಿಂದ ನೀರು ಹಸಿರು ಬೆಡ್‌ಶೀಟಿನ ಮೇಲೆ ಬೀಳುತ್ತಿತ್ತು.

ಪಿಸು ದಿಂಬನ್ನು ಇನ್ನೊಂದು ಸಲ ತಟ್ಟಿ ಎತ್ತರ ಮಾಡಿದಳು.

"ಒಬ್ರೇ ಸಾಕು" ಎಂದಳು. "ಯಾರಾದ್ರೂ ಬಂದು ನಿಂತ್ಕೊಳ್ಳಿ."